ಮೈಸೂರಿನ ಸಣ್ಣ ಕಂಪನಿ ಬಿಟ್ಟು ಬೆಂಗಳೂರಿನ ಎಂಎನ್‌ಸಿ ಸೇರಲಾ?

ಮೈಸೂರು ಹುಡುಗ:
ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ 40 ಜನರ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. 4 ವರ್ಷ 10 ತಿಂಗಳಾಯಿತು. ಕೋಡ್ ಬರೆಯುವುದೂ ನಾನೇ, ಗ್ರಾಹಕರ ಫೋನ್ ಎತ್ತುವುದೂ ನಾನೇ. ಈಗ ಅಮೆರಿಕದ ದೊಡ್ಡ ಕಂಪನಿಯೊಂದರ ಬೆಳ್ಳಂದೂರು ಆಫೀಸಿನಿಂದ ಆಫರ್ ಬಂದಿದೆ. ಸಂಬಳ ಹತ್ತಿರ ಹತ್ತಿರ ಎರಡು ಪಟ್ಟು, ಜೊತೆಗೆ ಒಂದಿಷ್ಟು ಷೇರು. ಅಪ್ಪ ಅಮ್ಮ ಮೈಸೂರಲ್ಲೇ ಇರುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ಒಳಗೆ ಇದ್ದವರು ಹೇಳಿ, ಹೇಗಿರುತ್ತದೆ?

ಬೆಳ್ಳಂದೂರು ಅಕ್ಕ:
ಇಂಥದ್ದೇ ಕಂಪನಿಯಲ್ಲಿ 11 ವರ್ಷ ಕಳೆದವಳು ನಾನು. ಮೊದಲು ಎಚ್‌ಆರ್‌ಗೆ ಕೇಳಿ: ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮ ಸೇರುತ್ತಾರಾ, ಮೊದಲೇ ಇರುವ ಕಾಯಿಲೆಗೂ ಸಿಗುತ್ತದಾ? ನಮ್ಮಮ್ಮನ ಎರಡೂ ಮಂಡಿ ಆಪರೇಷನ್ ಅದರಲ್ಲೇ ಆಯಿತು. ಕೈಯಿಂದ ಹೋದದ್ದು 14 ಸಾವಿರ. ಅದೊಂದೇ ಕಾರಣಕ್ಕೆ ನನ್ನ ರಾಜೀನಾಮೆ ಪತ್ರ ಎರಡು ವರ್ಷ ಡ್ರಾಫ್ಟಲ್ಲೇ ಮಲಗಿತ್ತು.

ಇನ್ನು ಮೀಟಿಂಗ್. ಕ್ಯಾಲಿಫೋರ್ನಿಯಾದವರ ಬೆಳಿಗ್ಗೆ 8 ನಮಗೆ ರಾತ್ರಿ 8.30. ನವೆಂಬರಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ 9.30. ನನ್ನ ಮಗಳು ಈಗಲೂ "ಮ್ಯೂಟಲ್ಲಿದ್ದೀಯಾ ಅಮ್ಮ?" ಅಂತ ಕೇಳಿಯೇ ಮಾತು ಶುರು ಮಾಡುತ್ತಾಳೆ.

ಕೆಲಸದ ವಿಷಯ. ನೀವು ಈಗ ಇಡೀ ಅಡುಗೆ ಮಾಡುತ್ತಿದ್ದೀರಿ. ಅಲ್ಲಿ ವರ್ಷವಿಡೀ ಈರುಳ್ಳಿ ಹೆಚ್ಚಬೇಕಾಗಬಹುದು. ನಾನು 14 ತಿಂಗಳು ಒಂದೇ ಪೇಮೆಂಟ್ ಪೇಜಿನ ಬಗ್ ಸರಿ ಮಾಡಿದ್ದೇನೆ. ಆದರೆ ಕೋಡಿಗೆ ಅಚ್ಚುಕಟ್ಟಾಗಿ ಟೆಸ್ಟ್ ಬರೆಯುವುದನ್ನು ಕಲಿತದ್ದೂ ಅಲ್ಲೇ, ಸುಳ್ಳು ಹೇಳಲ್ಲ.

2023ರಲ್ಲಿ ನಮ್ಮ ತಂಡದ 9 ಜನರಲ್ಲಿ 4 ಜನರನ್ನು ತೆಗೆದರು. ನಮ್ಮ ಮ್ಯಾನೇಜರ್‌ಗೂ ಅವತ್ತು ಬೆಳಿಗ್ಗೆಯೇ ಗೊತ್ತಾಗಿದ್ದು. ಪಟ್ಟಿ ಮಾಡಿದವರು ಅಮೆರಿಕದಲ್ಲಿ. ಜಗಳ ಆಡೋಣ ಅಂದರೂ ಇಲ್ಲಿ ಯಾರ ಹತ್ತಿರ ಆಡುವುದು? ನಿಮ್ಮ ಈಗಿನ ಯಜಮಾನರಾದರೆ ಎದುರು ಕೂತು ಹೇಳಬೇಕು, ಅಲ್ವಾ? ಕೆಲಸ ಹೋದರೆ ಆ ವಿಮೆಯೂ ಹೋಗುತ್ತದೆ. ಅಪ್ಪನಿಗೆ ಬೇರೆ ಪಾಲಿಸಿ ಈಗಲೇ ಮಾಡಿಸಿ. ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ.

ಲೆಕ್ಕದ ಮೇಷ್ಟ್ರು:
ಷೇರು ಒಂದೇ ಸಲ ಕೈಗೆ ಬರಲ್ಲ, ಸಾಮಾನ್ಯವಾಗಿ 4 ವರ್ಷದಲ್ಲಿ ಕಂತು ಕಂತಾಗಿ. ಬಂದ ದಿನದ ಬೆಲೆ ಸಂಬಳದ ಲೆಕ್ಕಕ್ಕೆ ಸೇರುತ್ತದೆ. ಮಾರದಿದ್ದರೂ ತೆರಿಗೆ ಬೀಳುತ್ತದೆ. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಬೇಕು, ಮರೆಯಬೇಡಿ. ಇನ್ನೊಂದು, ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಕಾಯಂ ನೌಕರರಿಗೆ ಸಿಗಲು ಸಾಮಾನ್ಯವಾಗಿ 5 ವರ್ಷ ತುಂಬಬೇಕು. ನಿಮ್ಮ ನೋಟಿಸ್ ಎಷ್ಟು ದಿನ? ಗ್ರಾಚುಟಿ ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿ. ಸುಮ್ನೆ ಬಿಡುವ ದುಡ್ಡಲ್ಲ.

ಮೈಸೂರು ಹುಡುಗ:
ನೋಟಿಸ್ 90 ದಿನ, ಹಾಗಾದರೆ 5 ವರ್ಷ ತುಂಬುತ್ತದೆ! ಎಚ್‌ಆರ್‌ಗೆ ಕೇಳಿದೆ. ಅಪ್ಪ ಅಮ್ಮನನ್ನು ಸೇರಿಸಬಹುದಂತೆ, ಪ್ರೀಮಿಯಂ ನನ್ನ ಸಂಬಳದಿಂದ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದರೆ ಅವರು ಕೇಳಿದ್ದು ಒಂದೇ: 9.30ಕ್ಕೆ ಮೀಟಿಂಗ್ ಅಂದರೆ ಊಟ ಯಾವಾಗ?

ಬೆಳ್ಳಂದೂರು ಅಕ್ಕ:
ಮೀಟಿಂಗಲ್ಲೇ. ಕ್ಯಾಮೆರಾ ಆಫ್ ಮಾಡಿ. ಹಪ್ಪಳ ಮಾತ್ರ ಬೇಡ.