ಗಣಪ್ಪಣ್ಣನ ಹೊಸ ಕಂಪ್ಯೂಟರಿಗೆ ಕನ್ನಡ ಬರಲ್ಲ

“ಎಂತದು ಮಾರಾಯ, ಹೊಸ ಕಂಪ್ಯೂಟರ್ ಬಂತು ಅಂದೆ. ಮೇಜಿನ ಮೇಲೆ ಇನ್ನೂ ಹಳೇದೇ ಕೂತಿದೆಯಲ್ಲ?” ಅಂದರು ಬ್ಯಾಂಕ್ ರಾಯರು.

“ಹೊಸದು ಪಕ್ಕದಲ್ಲೇ ಇದೆ ನೋಡಿ. ಹಳೇದರಿಂದ ಅದಕ್ಕೆ ಫೈಲ್ ಹಾಕ್ತಾ ಇದೀವಿ,” ಅಂದ ಗಣಪ್ಪಣ್ಣ.

ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಗಣಪ್ಪಣ್ಣನ ಡಿಟಿಪಿ ಅಂಗಡಿಯಲ್ಲಿ ಸಂಜೆ ಆರರ ಮೇಲೆ ಕೆಲಸ ಕಮ್ಮಿ, ಮಾತು ಜಾಸ್ತಿ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ ಎಲ್ಲ ಹುಟ್ಟುವುದು ಆ ಒಂದೇ ಹಳೇ ಡಬ್ಬದಲ್ಲಿ. ಅದರೊಳಗೆ ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿ ಬಂದದ್ದು 2001ರಲ್ಲಿ. 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನವರು ಇನ್ನು ಇದಕ್ಕೆ ಸಪೋರ್ಟ್ ಇಲ್ಲ ಅಂತ ಕೈತೊಳೆದುಕೊಂಡರು. ಗಣಪ್ಪಣ್ಣ ತೊಳೆದುಕೊಳ್ಳಲಿಲ್ಲ. “ಸಪೋರ್ಟ್ ನಿಂತರೆ ನಮಗೇನು? ಅಷ್ಟು ವರ್ಷ ನಾವೇನು ಅವರಿಗೆ ಫೋನ್ ಮಾಡಿ ಕೇಳ್ತಾ ಇದ್ವಾ?” ಅಂತ ಅವನ ವಾದ. ಅದಕ್ಕೆ ಇವತ್ತಿನವರೆಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಕೊನೆಗೆ ಅವನನ್ನು ಬಗ್ಗಿಸಿದ್ದು ಜಿಎಸ್‌ಟಿ. ಎಕ್ಸ್‌ಪಿಯ ಹಳೇ ಬ್ರೌಸರಿನಲ್ಲಿ ಈಗಿನ ಯಾವ ವೆಬ್‌ಸೈಟೂ ನೆಟ್ಟಗೆ ತೆರೆಯುವುದಿಲ್ಲ. ಹಾಗಾಗಿ ಹೊಸದು ಬಂತು. ಜೊತೆಗೆ ಅವನ ಸೋದರಳಿಯ, ಇಂಜಿನಿಯರಿಂಗ್ ಓದುವ ಪ್ರದೀಪನೂ ಬಂದ.

“ಇಷ್ಟಕ್ಕೆಲ್ಲ ಹುಡುಗರನ್ನ ಕರೀಬೇಕಾ?” ಅಂದರು ರಾಯರು. “ನಾನು ಮನೇಲಿ ಒಬ್ಬನೇ ಮಾಡ್ಕೊಂಡೆ. ಡೆಸ್ಕ್‌ಟಾಪ್ ಮೇಲೆ ಇದ್ದದ್ದನ್ನೆಲ್ಲ ಸೆಲೆಕ್ಟ್ ಮಾಡಿ ಪೆನ್‌ಡ್ರೈವಿಗೆ ಎಳೆದೆ. ಕಾಫಿ ಆರೋದರೊಳಗೆ ಮುಗೀತು. ಹಳೇದನ್ನ ಗುಜರಿಯವನಿಗೆ ಕೊಟ್ಟೆ.”

ಪ್ರದೀಪ ಸುಮ್ನೆ ಕೈ ಚಾಚಿದ. ರಾಯರ ಜೇಬಿನಿಂದ ಪೆನ್‌ಡ್ರೈವ್ ಬಂತು. ತೆರೆದು ನೋಡಿದರೆ ಎಲ್ಲ ಐಕಾನಿನ ಎಡಮೂಲೆಯಲ್ಲೂ ಒಂದು ಪುಟ್ಟ ಬಾಣ. ಒಂದೊಂದೂ ಬರೀ ಎರಡು ಕೆಬಿ.

“ಅಂಕಲ್, ಇವೆಲ್ಲ ಶಾರ್ಟ್‌ಕಟ್. ಮನೆ ವಿಳಾಸ ಬರೆದ ಚೀಟಿ ತಂದಿದೀರಿ, ಅಷ್ಟೇ. ಮನೆ ಅಲ್ಲೇ ಇದೆ.”

“ಅಲ್ಲೇ ಅಂದ್ರೆ?”

“ಗುಜರಿಯವನ ಹತ್ರ.”

ರಾಯರು ಚಪ್ಪಲಿ ಹಾಕಿಕೊಂಡದ್ದೂ ಕಾಣಲಿಲ್ಲ. ಅರ್ಧ ಗಂಟೆ ಬಿಟ್ಟು ಆಟೋದಲ್ಲಿ ಸಿಪಿಯು ಸಮೇತ ಬಂದರು. ಗುಜರಿಯವನು ಇನ್ನೂ ಬಿಚ್ಚಿರಲಿಲ್ಲವಂತೆ. ಮುನ್ನೂರಕ್ಕೆ ಮಾರಿದ್ದನ್ನು ಎಂಟುನೂರು ಕೊಟ್ಟು ಬಿಡಿಸಿಕೊಂಡು ಬಂದಿದ್ದರು. ಸರ್ವೀಸಿನಲ್ಲಿ ಇದ್ದಷ್ಟು ದಿನ ಯಾವ ಠೇವಣಿಗೂ ಅಂಥ ಬಡ್ಡಿ ಕೊಟ್ಟವರಲ್ಲ.

“ಅದರಲ್ಲಿ ನನ್ನ ಎಫ್‌ಡಿ ಲೆಕ್ಕ, ಪಾಸ್‌ವರ್ಡು ಎಲ್ಲ ಇತ್ತಲ್ಲೋ!”

“ಮಾರೋ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಕೋಬೇಕಿತ್ತು ಅಂಕಲ್,” ಅಂದ ಪ್ರದೀಪ. ಒಳ್ಳೇ ಮಾತು. ಆದರೆ ಐನೂರು ರೂಪಾಯಿ ಕಳೆದುಕೊಂಡವರಿಗೆ ಆ ಹೊತ್ತಲ್ಲಿ ಹೇಳಬಾರದಿತ್ತು.

ಗಣಪ್ಪಣ್ಣನ ಫೈಲುಗಳ ಸಮಸ್ಯೆ ಬೇರೆ. ಅವನು ಏನನ್ನೂ ಅಳಿಸಿದವನಲ್ಲ. ಡಿ ಡ್ರೈವ್ ತೆರೆದರೆ ‘ಭದ್ರಾವತಿ ಮದುವೆ’ ಅಂತ ಒಂದು ಫೋಲ್ಡರ್. ಅದರೊಳಗೆ ‘ಬೀಗರು ನೋಡಿದ್ದು’, ‘ಬೀಗರು ಒಪ್ಪಿದ್ದು’, ‘ಬೀಗರು ಒಪ್ಪಿದ್ದು 2’, ‘ಅಜ್ಜಿ ಹೆಸರು ಬಿಟ್ಟದ್ದು’, ಆಮೇಲೆ ‘ಅಜ್ಜಿ ಸೇರಿಸಿದ್ದು’.

“ಮಾವ, ಅಜ್ಜಿ ಹೆಸರು ಬಿಟ್ಟದ್ದು ಯಾಕೆ ಬೇಕು? ಅದನ್ನ ಬಿಟ್ಟು ಉಳಿದದ್ದು ಕಾಪಿ ಮಾಡ್ಲಾ?”

“ಬೇಡ ಬೇಡ. ಅಜ್ಜಿ ಹೆಸರು ಬಿಟ್ಟದ್ದು ನಾನಲ್ಲ, ಅವರೇ ಬರ್ಕೊಟ್ಟದ್ದು ಹಾಗೆ. ನಾಳೆ ಮಾತು ಬಂದರೆ ತೋರಿಸೋಕೆ ಬೇಕು.”

ಆ ಮದುವೆಯ ಮಗು ಈಗ ಶಾಲೆಗೆ ಹೋಗುತ್ತಿದೆ. ಗಣಪ್ಪಣ್ಣನ ಸಾಕ್ಷಿ ಮಾತ್ರ ಭದ್ರ.

ಕಾಪಿ ಶುರುವಾಯಿತು. ಹನ್ನೊಂದು ನಿಮಿಷ ಅಂತ ತೋರಿಸಿತು. ಮೇಷ್ಟ್ರು ಬಂದು ಕೂರುವುದರೊಳಗೆ ಅದು ನಾಲ್ಕು ಗಂಟೆಯಾಯಿತು. ಚಹಾ ಹೇಳಿದೆವು. ಚಹಾ ಬಂದಾಗ ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು, ಲೋಟ ಖಾಲಿಯಾದಾಗ ಒಂದು ದಿನ ದಾಟಿತ್ತು.

“ಇದರ ಲೆಕ್ಕ ಬರೆದವನು ರಸ್ತೆ ಕಂಟ್ರಾಕ್ಟರ್ ಇರಬೇಕು,” ಅಂದರು ರಾಯರು.

ಪಾಪ, ಅದರದ್ದೂ ತಪ್ಪಿಲ್ಲ. ಈಗ ಎಷ್ಟು ಜೋರಾಗಿ ಹೋಗ್ತಿದೆಯೋ ಅದೇ ಜೋರಲ್ಲಿ ಮುಂದೂ ಹೋಗ್ತದೆ ಅಂದುಕೊಂಡು ಅದು ಲೆಕ್ಕ ಹಾಕುತ್ತದೆ. ದೊಡ್ಡ ವಿಡಿಯೋ ಒಂದಿದ್ದರೆ ಸರಾಗವಾಗಿ ಹೋಗುತ್ತದೆ. ಸಣ್ಣ ಸಣ್ಣ ಫೈಲು ಸಾವಿರಾರು ಬಂದರೆ, ಒಂದೊಂದಕ್ಕೂ ಹೆಸರು, ತಾರೀಕು, ಜಾಗ ಎಲ್ಲ ಬರೆದುಕೊಂಡೇ ಮುಂದೆ ಹೋಗಬೇಕು. ಅಲ್ಲಿ ಕುಂಟುತ್ತದೆ. ಮೇಲಾಗಿ ಹಳೇ ಡಬ್ಬದ ಯುಎಸ್‌ಬಿ 2.0. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಹೊಸದರಲ್ಲಿ ಒಳಗೆ ನೀಲಿ ಬಣ್ಣ ಇರುವ ಕಿಂಡಿ ಇದೆ. ಅದು ಸೆಕೆಂಡಿಗೆ 5 ಗಿಗಾಬಿಟ್. ಆದರೆ ಒಂದು ಕಡೆ ನೀಲಿ ಇದ್ದು ಏನು ಬಂತು, ಇನ್ನೊಂದು ಕಡೆ ಕಪ್ಪು.

ನಡುವೆ ಒಂದು ಮದುವೆ ವಿಡಿಯೋ ಹಟ ಹಿಡಿಯಿತು. ಪೆನ್‌ಡ್ರೈವಿನಲ್ಲಿ 20 ಜಿಬಿ ಜಾಗ ಖಾಲಿ, ವಿಡಿಯೋ 6 ಜಿಬಿ. ಆದರೂ ಹಿಡಿಸಲ್ಲ ಅಂತು. ಅದು ಫ್ಯಾಟ್32 ಕ್ರಮದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್; ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ. ಪ್ರದೀಪ ಆ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ತಂದ. 1 ಟಿಬಿ ಅಂತ ಡಬ್ಬದ ಮೇಲೆ ಬರೆದಿತ್ತು. ಕಂಪ್ಯೂಟರ್ 931 ಜಿಬಿ ಅಂತ ತೋರಿಸಿತು.

“ಇಲ್ಲೂ ಟಿಡಿಎಸ್ಸಾ?” ರಾಯರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

ಮಾರುವವರು ಸಾವಿರದ ಲೆಕ್ಕದಲ್ಲಿ ಗುಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಅಳತೆ ಎರಡೂ ಸರಿ, ಜಾಗವೂ ಅಷ್ಟೇ. ರಾಯರು ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿ ಒಪ್ಪಿಕೊಂಡರು. ಒಪ್ಪಿದ ಮೇಲೂ ಬಿಲ್ ಇಟ್ಕೊಂಡಿರು ಅಂತ ಹುಡುಗನಿಗೆ ಹೇಳಿದರು.

ಆಮೇಲೆ ಯಾರೋ ತಾರೀಕು ನೋಡಿದರು. ಎಲ್ಲ ಪತ್ರಿಕೆಯೂ 2002ನೇ ಇಸವಿಯದು!

“ಇದು ನಮ್ಮ ಪಕ್ಕದ ಮನೆ ಹುಡುಗಿ ಮದುವೆದು ಕಣೋ,” ಅಂದರು ಮೇಷ್ಟ್ರು. “ಮೊನ್ನೆ ಮೊನ್ನೆ ಆದದ್ದು. ಅವಳು ಹುಟ್ಟಿದ್ದೇ 2002ರ ಯುಗಾದಿಗೆ. ಇಲ್ಲಿ ನೋಡಿದರೆ ಜನವರಿಯಲ್ಲೇ ಪತ್ರಿಕೆ ಪ್ರಿಂಟ್ ಆಗಿದೆ!”

ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸುವುದಕ್ಕೆ ನಾಣ್ಯದಷ್ಟಗಲದ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಅಂತ. ಅದು ಸತ್ತು ಯಾವ ಕಾಲವಾಗಿತ್ತೋ. ಕರೆಂಟ್ ಹೋಗಿ ಬಂದಾಗಲೆಲ್ಲ ಡಬ್ಬ 2002ರ ಜನವರಿ ಒಂದಕ್ಕೆ ವಾಪಸ್ ಹೋಗುತ್ತಿತ್ತು. ಮೆಡಿಕಲ್ ಶಾಪಿನಲ್ಲೂ ಸಿಗುವ ಬ್ಯಾಟರಿ. ಗಣಪ್ಪಣ್ಣ ಹಾಕಿಸಲಿಲ್ಲ. “ತಾರೀಕು ನೋಡಕ್ಕೆ ಗೋಡೆ ಮೇಲೆ ಕ್ಯಾಲೆಂಡರ್ ಇದೆ,” ಅಂದ.

ಇಷ್ಟೆಲ್ಲ ಆಗಿ ಫೈಲುಗಳು ಹೊಸದಕ್ಕೆ ಬಂದು ಸೇರಿದವು. ಗಣಪ್ಪಣ್ಣ ಗಣಪತಿ ಫೋಟೋಗೆ ಕೈ ಮುಗಿದು ಒಂದು ವರ್ಡ್ ಫೈಲು ತೆರೆದ. ತೆರೆದವನು ಹಾಗೇ ಕೂತ. ನಾವೂ ಬಗ್ಗಿ ನೋಡಿದೆವು. ಪರದೆ ತುಂಬ ತಲೆ ಮೇಲೆ ಗೀಟು ಹೊತ್ತ ಎ, ಟೋಪಿ ಹಾಕಿದ ಇ, ಸಾಲಿಗೆ ನಾಲ್ಕು ಪೌಂಡ್ ಚಿಹ್ನೆ.

“ಇಂಗ್ಲೆಂಡಿನ ದುಡ್ಡು ಇದು,” ಅಂದರು ರಾಯರು.

“ವೈರಸ್ ಬಂತು,” ಅಂದ ಗಣಪ್ಪಣ್ಣ.

“ಏನೂ ಆಗಿಲ್ಲ ಮಾವ. ನುಡಿ ಫಾಂಟ್ ಹಾಕಿಲ್ಲ, ಅಷ್ಟೇ. ಫೈಲ್ ಒಳಗೆ ಇರೋದೇ ಇದು.”

ಮೇಷ್ಟ್ರು ಚಹಾ ಲೋಟ ಕೆಳಗಿಟ್ಟರು. “ಇರೋದೇ ಇದು ಅಂದ್ರೆ?”

ಪ್ರದೀಪ ‘ಕನ್ನಡ’ ಅಂತ ಇದ್ದ ಜಾಗ ಹುಡುಕಿ ಬೆರಳಿಟ್ಟು ತೋರಿಸಿದ. ಮೊದಲು ಇಂಗ್ಲಿಷಿನ ಪಿ. ಅದು ಕಕಾರದ ಮೈ. ಪಕ್ಕದಲ್ಲಿ ಗೀಟಿರುವ ಎ. ಅದು ತಲೆಕಟ್ಟು. ಆಮೇಲೆ ಪೌಂಡ್ ಚಿಹ್ನೆ, ಅದು ನಕಾರ. ಅದಕ್ಕೂ ಒಂದು ತಲೆಕಟ್ಟು. ನ ಒತ್ತಿನ ಜಾಗದಲ್ಲಿ ಜರ್ಮನ್ನರು ಎರಡು ಎಸ್ ಬದಲು ಬರೆಯುವ ಒಂದು ಅಕ್ಷರ. ಕೊನೆಗೆ ಸಣ್ಣ ಕ್ಯೂ, ಮತ್ತೆ ತಲೆಕಟ್ಟು. ಫಾಂಟ್ ಇದ್ದರೆ ಪಿ ಇರುವ ಕಡೆ ಕಕಾರದ ಚಿತ್ರ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಪಿ ಪಿಯಾಗೇ ಕಾಣುತ್ತದೆ. ಕನ್ನಡ ಟೈಪ್ ಮಾಡುವ ನುಡಿ, ಬರಹ ಅನ್ನುವ ಸಾಫ್ಟ್‌ವೇರುಗಳು ಶುರುವಾದ ಕಾಲದಲ್ಲಿ ಬಹಳಷ್ಟು ಸಾಫ್ಟ್‌ವೇರುಗಳಿಗೆ ಇಂಗ್ಲಿಷಿನ ಖಾನೆ ಬಿಟ್ಟು ಬೇರೆ ಖಾನೆ ಗೊತ್ತಿರಲಿಲ್ಲ. ಅದರಲ್ಲೇ ಕನ್ನಡ ಕೂರಿಸಿದರು. ಕೂರಿಸಿದ್ದರಿಂದಲೇ ಅಷ್ಟು ವರ್ಷ ಪತ್ರಿಕೆ, ಪುಸ್ತಕ ಎಲ್ಲ ಪ್ರಿಂಟ್ ಆದದ್ದು.

ನಮ್ಮ ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು. ಅಂಗಡಿ ಬೋರ್ಡಿನಲ್ಲಿ ಕನ್ನಡ ಸಣ್ಣದಾಗಿದ್ದರೆ ಒಳಗೆ ಹೋಗಿ ಜಗಳ ಆಡುವವರು. ತಮ್ಮ ನೆನಪುಗಳನ್ನು ವರ್ಷಗಟ್ಟಲೆ ಇದೇ ಅಂಗಡಿಯಲ್ಲಿ ಕೂತು ನುಡಿಯಲ್ಲಿ ಟೈಪ್ ಮಾಡಿದ್ದಾರೆ.

“ಹಾಗಾದ್ರೆ ನಾನು ಇಷ್ಟು ವರ್ಷ ಬರೆದದ್ದು ಕನ್ನಡ ಅಲ್ವಾ?”

“ನೋಡಕ್ಕೆ ಕನ್ನಡ ಸಾರ್. ಒಳಗೆ ಇಂಗ್ಲಿಷು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಾಯರಿಗೆ ನಗು ತಡೆಯುವುದು ಕಷ್ಟವಾಗಿ ಫೋನ್ ನೋಡುವ ಹಾಗೆ ಮಾಡಿದರು.

“ಬೇರೆ ದಾರಿ ಇರಲಿಲ್ವಾ?” ಅಂದರು ಮೇಷ್ಟ್ರು.

ಇತ್ತು ಅನ್ನುವುದೇ ಬೇಜಾರಿನ ವಿಷಯ. ಒಂದೊಂದು ಭಾಷೆಯ ಲಿಪಿಗೂ ಬೇರೆ ಬೇರೆ ಖಾನೆ ಕೊಡುವ ಪದ್ಧತಿ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ಸ್ವಂತ ಖಾನೆ 1991ರಲ್ಲೇ ಸಿಕ್ಕಿದೆ. ಈ ಎಕ್ಸ್‌ಪಿಯಲ್ಲೂ ಒಂದು ಯೂನಿಕೋಡ್ ಕನ್ನಡ ಫಾಂಟ್ ಕಂಪನಿಯವರೇ ಹಾಕಿ ಕಳಿಸಿದ್ದರು. ಅದರ ಹೆಸರು ತುಂಗಾ.

“ನಮ್ಮ ತುಂಗೆ ಹೆಸರಾ? ಇದೇ ಡಬ್ಬದಲ್ಲಿತ್ತಾ?” ಮೇಷ್ಟ್ರಿಗೆ ಇನ್ನೂ ಸಂಕಟ. “ಗಂಗಾ ಸ್ನಾನ, ತುಂಗಾ ಪಾನ ಅಂತ ಮಕ್ಕಳಿಗೆ ಹೇಳಿಕೊಟ್ಟೆ. ತುಂಗಾ ಫಾಂಟ್ ಅಂತ ನನಗೊಬ್ಬರೂ ಹೇಳ್ಲಿಲ್ಲ.”

“ಹೇಳಿದ್ರೂ ಪ್ರಯೋಜನ ಇರಲಿಲ್ಲ ಮೇಷ್ಟ್ರೇ,” ಅಂದ ಗಣಪ್ಪಣ್ಣ. “ಪುಟ ಜೋಡಿಸೋ ನಮ್ಮ ಕೆಲಸ ಎಲ್ಲ ಪೇಜ್‌ಮೇಕರಲ್ಲಿ. ಅದಕ್ಕೆ ಯೂನಿಕೋಡ್ ಬರಲ್ಲ.”

ಅದು ನಿಜ. ಪೇಜ್‌ಮೇಕರ್ 7 ಬಂದದ್ದೂ 2001ರಲ್ಲಿ. ಅದೇ ಕೊನೆಯದು, ಮುಂದಿನದು ಬರಲೇ ಇಲ್ಲ. ಆದರೂ ನಮ್ಮ ಊರುಗಳ ಪ್ರೆಸ್ಸುಗಳಲ್ಲಿ ಮದುವೆ ಇನ್ನೂ ಅದರಲ್ಲೇ ಆಗುತ್ತಿದೆ. ಹೀಗಾಗಿ ಗಣಪ್ಪಣ್ಣನ ಪತ್ರಿಕೆಗಳಿಗೆ ಹಳೇ ಫಾಂಟುಗಳನ್ನೇ ಹೊಸದರಲ್ಲೂ ಹಾಕಬೇಕಾಯಿತು. ಹಳೇದರ ಫಾಂಟ್ಸ್ ಫೋಲ್ಡರನ್ನು ಪ್ರದೀಪ ಪೂರ್ತಿ ತಂದು ಕೂರಿಸಿದ. ಪೌಂಡೆಲ್ಲ ಮಾಯವಾಗಿ ಶ್ರೀ ಗಣೇಶಾಯ ನಮಃ ಬಂತು. ಫೈಲು ತರುವವರು ಮೊದಲು ಫಾಂಟು ತರಬೇಕು ಅನ್ನುವುದನ್ನು ಆ ಹೊತ್ತಿಗೆ ಎಲ್ಲರೂ ಮೊದಲೇ ಗೊತ್ತಿದ್ದವರ ಹಾಗೆ ಹೇಳುತ್ತಿದ್ದರು.

ಮೇಷ್ಟ್ರು ಮಾತ್ರ ಜಗ್ಗಲಿಲ್ಲ. “ನಂದು ಒಳಗೂ ಕನ್ನಡ ಆಗ್ಬೇಕು. ಅದೆಷ್ಟಾದರೂ ಆಗಲಿ.”

ಏನೂ ಆಗುವುದಿಲ್ಲ, ಪರಿವರ್ತಕ ಪುಕ್ಕಟೆ ಸಿಗುತ್ತದೆ. ಹಳೇದನ್ನು ಈ ಕಡೆ ಹಾಕಿದರೆ ಯೂನಿಕೋಡ್ ಆ ಕಡೆ ಬರುತ್ತದೆ. ಕಷ್ಟ ಇರುವುದು ಅರ್ಕಾವತ್ತಿನಲ್ಲಿ. ಹಳೇ ಫಾಂಟಿನಲ್ಲಿ ‘ಸೂರ್ಯ’ ಅಂದರೆ ಕಣ್ಣಿಗೆ ಕಾಣುವ ಹಾಗೆ ಮೊದಲು ಯ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಿಗೆ ಬರುವ ಹಾಗೆ ಮೊದಲು ರ, ಆಮೇಲೆ ಯ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ಒಳ್ಳೇದಾದರೆ ಕೂರಿಸುತ್ತದೆ. ಆದರೆ ನಡುವೆ ನಿಜವಾದ ಇಂಗ್ಲಿಷ್ ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಮೇಷ್ಟ್ರು ಕೊನೆಯಲ್ಲಿ ಹಾಕಿದ್ದ ಇಮೇಲ್ ವಿಳಾಸವೂ ಪೂರ್ತಿ ಕನ್ನಡಕ್ಕೆ ತಿರುಗಿ, ಬಾಯಲ್ಲಿ ಹೇಳಲಾಗದ ಒಂದು ಬೀಜಾಕ್ಷರ ಮಂತ್ರವಾಗಿತ್ತು. “ಇದು ಪರವಾಗಿಲ್ಲ, ಇರಲಿ ಬಿಡು,” ಅಂದರು ಮೇಷ್ಟ್ರು.

ಗಣಪ್ಪಣ್ಣನ ಹಳೇ ಡಬ್ಬ ಎಲ್ಲೂ ಹೋಗಲಿಲ್ಲ. ಮೇಜಿನ ಕೆಳಗೆ ಇಳಿಯಿತು, ಇಂಟರ್‌ನೆಟ್ ವೈರ್ ಕಿತ್ತು. ಪತ್ರಿಕೆ ಅದರಲ್ಲೇ, ಜಿಎಸ್‌ಟಿ ಮತ್ತು ಕ್ರಿಕೆಟ್ ಸ್ಕೋರ್ ಹೊಸದರಲ್ಲಿ. ರಾಯರ ಸಿಪಿಯು ಕೂಡ ಅಲ್ಲೇ ಪಕ್ಕದಲ್ಲಿದೆ. ಗುಜರಿಗೆ ಎರಡನೇ ಸಲ ಕೊಡುವ ಧೈರ್ಯ ಅವರಿಗೆ ಬಂದಿಲ್ಲ.

ಮೇಷ್ಟ್ರು ಈಗ ದಿನಾ ಬಂದು ಯೂನಿಕೋಡ್ ಆದ ಪುಟಗಳನ್ನು ಓದಿ ತಿದ್ದುತ್ತಾರೆ. ಮೊನ್ನೆ ಒಂದು ಕಡೆ ನಿಂತರು. ‘ಹಾರ್ದಿಕ’ ಅಂತ ಇರಬೇಕಾದಲ್ಲಿ ‘ಹಾರ್ಧಿಕ’ ಅಂತ ಇತ್ತು.

“ನೋಡು, ನಿನ್ನ ಕನ್ವರ್ಟರು ದಕಾರಕ್ಕೆ ಮಹಾಪ್ರಾಣ ಕೊಟ್ಟಿದೆ.”

ಪ್ರದೀಪ ಬಗ್ಗಿ ಹಳೇ ಡಬ್ಬ ಆನ್ ಮಾಡಿ ಮೂಲ ಫೈಲು ತೆರೆದ. ಅದರಲ್ಲೂ ಹಾರ್ಧಿಕವೇ.

ಮೇಷ್ಟ್ರು ಎರಡೂ ಪರದೆಯನ್ನು ಒಮ್ಮೆ ಅದು, ಒಮ್ಮೆ ಇದು ಅಂತ ನೋಡಿದರು. “ಇದರ ಬ್ಯಾಟರಿ ಸತ್ತಿತ್ತಲ್ಲ,” ಅಂದರು, “ಅದಕ್ಕೇ ಇರಬೇಕು.”