ಹತ್ತನೇ ತರಗತಿಗೆ ಜೀವವಿಕಾಸ: ಮೊದಲ ದಿನ ಎಲ್ಲಿಂದ ಆರಂಭಿಸುತ್ತೀರಿ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿರುವುದು ನನಗೆ ಇದು ಎರಡನೆಯ ವರ್ಷ. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದು ನಿಮಗೆ ನೆನಪಿರಬಹುದು. ಪರೀಕ್ಷೆಗೆ ಬರಲಿ ಬಿಡಲಿ, ಇದನ್ನು ಹೇಳದೆ ಜೀವಶಾಸ್ತ್ರ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಮೂರು ಪಿರಿಯಡ್ ಉಳಿಸಿಕೊಂಡಿದ್ದೇನೆ. ಕಳೆದ ವರ್ಷ ಡಾರ್ವಿನ್ನನಿಂದ ಆರಂಭಿಸಿದೆ. 1831, ಬೀಗಲ್ ಹಡಗು, ಗೆಲಾಪಗೊಸ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಂತೆ ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರೇ ಹೊರತು ಒಬ್ಬರ ಮುಖದಲ್ಲೂ ಬೆರಗು ಕಾಣಲಿಲ್ಲ. ಕೊನೆಯಲ್ಲಿ ಒಬ್ಬ ಹುಡುಗ ಮಾತ್ರ, “ಮಂಗ್ಯಾನಿಂದ ಮನುಷ್ಯಾ ಆಗ್ಯಾನಂದ್ರ ಈಗಿನ ಮಂಗ್ಯಾಗೋಳು ಯಾಕ ಆಗವಲ್ವು ರೀ ಟೀಚರ್?” ಎಂದು ಕೇಳಿದ. ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಪಾಠದಲ್ಲಿ ನಿಮಗೆ ಸಂತೋಷ ಕೊಟ್ಟ ಆರಂಭ ಯಾವುದು?

ಉತ್ತರ: ನಿವೃತ್ತ ಶಿಕ್ಷಕ, ಶಿವಮೊಗ್ಗ

ಮೇಡಂ, ಡಾರ್ವಿನ್ ಎರಡನೆಯ ದಿನ ಬರಲಿ. ಮೊದಲ ದಿನ ಮಕ್ಕಳ ಕೈಯಿಂದಲೇ ಆರಂಭಿಸಿ. ಹೆಬ್ಬೆರಳು ಮತ್ತು ಕಿರುಬೆರಳುಗಳ ತುದಿ ಕೂಡಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಲು ಹೇಳಿ. ಹೆಚ್ಚಿನವರಲ್ಲಿ ನಟ್ಟನಡುವೆ ಹುರಿಯಂತೆ ಒಂದು ಸ್ನಾಯುರಜ್ಜು ಎದ್ದು ಕಾಣುತ್ತದೆ. ಕೆಲವರಲ್ಲಿ ಅದು ಇರುವುದೇ ಇಲ್ಲ, ಇನ್ನು ಕೆಲವರಲ್ಲಿ ಒಂದೇ ಕೈಯಲ್ಲಿರುತ್ತದೆ. ಪಾಲ್ಮಾರಿಸ್ ಲಾಂಗಸ್ ಎಂಬ ಈ ಸ್ನಾಯು ಇಲ್ಲದಿದ್ದರೂ ಹಿಡಿತದ ಬಲಕ್ಕೆ ಕೊರತೆಯಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ಮಕ್ಕಳು ಗಾಬರಿಯಾಗುತ್ತಾರೆ. ಒಮ್ಮೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡು, “ಹಾಗಾದ್ರೆ ಇದು ಯಾರಿಗೆ ಬೇಕಾಗಿತ್ತು ಸರ್?” ಎಂದಳು. ಅಷ್ಟು ನೇರವಾದ ಪ್ರಶ್ನೆಯನ್ನು ನನ್ನ ವೃತ್ತಿಯಲ್ಲಿ ನಾನು ಕೇಳಿದ್ದು ಕಡಿಮೆ. ಆಕೆಯ ಕೈಯಿಂದ ಬಾವಲಿಯ ರೆಕ್ಕೆಗೂ ತಿಮಿಂಗಿಲದ ಈಜುರೆಕ್ಕೆಗೂ ಹೋಗುವುದು ಸುಲಭವಾಯಿತು: ಮೇಲೆ ಒಂದು ಮೂಳೆ, ಕೆಳಗೆ ಎರಡು, ಬಳಿಕ ಪುಟ್ಟ ಮೂಳೆಗಳ ಗುಂಪು, ಕೊನೆಗೆ ಬೆರಳುಗಳು. ಹಾರುವುದಕ್ಕೂ ಈಜುವುದಕ್ಕೂ ಅಗೆಯುವುದಕ್ಕೂ ಅದೇ ಜೋಡಣೆ ಏಕೆ ಎಂದು ಕೇಳಿ, ಉತ್ತರ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿರಿ. ಆ ಮೌನದಲ್ಲಿಯೇ ಈ ಪಾಠದ ಸುಖವಿದೆ.

ಆಯ್ಕೆಯಿಂದ ಜೀವಿಗಳ ರೂಪ ಹೇಗೆ ಬದಲಾಗುತ್ತದೆ ಎಂದು ತೋರಿಸಲು ಸಂತೆ ಸಾಕು. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಪ್ರಭೇದದ ಸಸ್ಯದಿಂದ ರೈತರು ಆರಿಸಿ ಆರಿಸಿ ಬೆಳೆಸಿದವು.

ಉತ್ತರ: ಗಣಿತ ಶಿಕ್ಷಕ, ಬೆಂಗಳೂರು

ವಿಕಾಸ ನಂಬಲಾಗದಂತೆ ತೋರುವುದು ಕಾಲದ ಅಂದಾಜು ಸಿಗದೆ ಇರುವುದರಿಂದ ಎಂಬುದು ನನ್ನ ಅಭಿಪ್ರಾಯ. ಮೈದಾನದಲ್ಲಿ 45 ಮೀಟರ್ ಹಗ್ಗ ಹಾಸಿ, ಒಂದು ಮೀಟರಿಗೆ 10 ಕೋಟಿ ವರ್ಷ ಎಂದು ಲೆಕ್ಕ ಹಿಡಿಯಿರಿ. ಭೂಮಿಯ ವಯಸ್ಸು ಸರಿಸುಮಾರು ಅದರಲ್ಲಿ ಹಿಡಿಸುತ್ತದೆ. ಇಂದಿನ ದಿನವಿರುವ ತುದಿಯಿಂದ ಹಿಂದಕ್ಕೆ ನಡೆಸಿದರೆ, ಡೈನೋಸಾರ್‌ಗಳ ಅಂತ್ಯ ಕೇವಲ 66 ಸೆಂಟಿಮೀಟರ್ ದೂರದಲ್ಲಿದೆ. ಲಾಲ್‌ಬಾಗಿನ ಬಂಡೆ ಸುಮಾರು 30 ಮೀಟರ್ ಆಚೆ ಬರುತ್ತದೆ. ಆ ಬಂಡೆಯ ಮೇಲೆ ಓಡಿ ಆಡಿದ ಮಕ್ಕಳು ಅಲ್ಲಿ ನಿಂತು ತಿರುಗಿ ನೋಡುತ್ತಾರೆ. ನಮ್ಮ ಪ್ರಭೇದದ ಸುಮಾರು 3 ಲಕ್ಷ ವರ್ಷಗಳಿಗೆ ಸಿಗುವುದು 3 ಮಿಲಿಮೀಟರ್; ಅದನ್ನು ತೋರಿಸಲು ಎಲ್ಲರನ್ನೂ ಮಂಡಿಯೂರಿ ಕೂರಿಸಬೇಕಾಗುತ್ತದೆ.

ಉತ್ತರ: ಜೀವಶಾಸ್ತ್ರ ಉಪನ್ಯಾಸಕಿ, ಮೈಸೂರು

ಆ ಹುಡುಗನ ಪ್ರಶ್ನೆಗೆ ನಮ್ಮ ಭಾಷೆಯಲ್ಲೇ ಉತ್ತರವಿದೆ. ಚಿಕ್ಕಪ್ಪನ ಮಗ ನನ್ನ ಪೂರ್ವಜನಲ್ಲ, ದಾಯಾದಿ; ನಮ್ಮಿಬ್ಬರಿಗೂ ಅಜ್ಜ ಒಬ್ಬನೇ. ಹಾಗೆಯೇ ಇಂದಿನ ಚಿಂಪಾಂಜಿಯಿಂದ ನಾವು ಬಂದದ್ದಲ್ಲ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಇಬ್ಬರಿಗೂ ಸಮಾನ ಪೂರ್ವಜರಿದ್ದರು, ಊರ ಮಂಗಗಳೊಡನೆ ನಮ್ಮ ನಂಟು ಇನ್ನೂ ಬಹಳ ಹಳೆಯದು. ಅವು ಮನುಷ್ಯರಾಗುವ ದಾರಿಯಲ್ಲಿ ಹಿಂದೆ ಬಿದ್ದವಲ್ಲ, ತಮ್ಮದೇ ದಾರಿಯಲ್ಲಿ ಬಂದವು. ಮನೆಯಲ್ಲಿ ಕೇಳಿದ ಸೃಷ್ಟಿಯ ಕಥೆಯನ್ನು ಯಾರಾದರೂ ಪ್ರಸ್ತಾಪಿಸಿದರೆ ದಯವಿಟ್ಟು ನಗಬೇಡಿ. ಅವಮಾನಗೊಂಡ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಇಂಡೋಹ್ಯೂಸ್ ಎಂಬ ಅಳಿದುಹೋದ ಪ್ರಾಣಿಯ ಕಥೆಯನ್ನೂ ಹೇಳಿ. ಭೂವಿಜ್ಞಾನಿ ಎ. ರಂಗರಾವ್ ಕಾಶ್ಮೀರ ಪ್ರದೇಶದಲ್ಲಿ ಸಂಗ್ರಹಿಸಿದ್ದ, ಅದರ ಪಳೆಯುಳಿಕೆಗಳಿದ್ದ ಕಲ್ಲುಗಳು ಅವರ ಕಾಲಾನಂತರ ಹ್ಯಾನ್ಸ್ ಥೆವಿಸ್ಸನ್ ಎಂಬ ವಿಜ್ಞಾನಿಗೆ ದೊರೆತವು. ಅವುಗಳನ್ನು ಬಿಡಿಸುವಾಗ ತಲೆಬುರುಡೆಯೊಂದರ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು. ಒಳಗೆ ತಿಮಿಂಗಿಲಗಳ ಗುರುತಾದ ದಪ್ಪ ಮೂಳೆಯಿತ್ತು. ಗೊರಸುಳ್ಳ ಆ ಸಣ್ಣ ಪ್ರಾಣಿ ತಿಮಿಂಗಿಲದ ಹತ್ತಿರದ ಸಂಬಂಧಿ ಎಂಬುದು 2007ರಲ್ಲಿ ಪ್ರಕಟವಾಯಿತು.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ವಂದನೆಗಳು. ನಿನ್ನೆ ಮಣಿಕಟ್ಟಿನಿಂದಲೇ ಆರಂಭಿಸಿದೆ. ನಲವತ್ತೆರಡು ಮಕ್ಕಳಲ್ಲಿ ಐವರ ಎರಡೂ ಕೈಗಳಲ್ಲಿ ಆ ಹುರಿ ಇರಲಿಲ್ಲ. ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ. ಇಂದು ಬೆಳಗಿನ ಪ್ರಾರ್ಥನೆಗೆ ಮುಂಚೆಯೇ ಮೂವರು ಬಂದು, ಅಪ್ಪ, ಅವ್ವ, ಅಜ್ಜಿಯರ ಕೈಗಳನ್ನೆಲ್ಲ ನೋಡಿ ಬರೆದುಕೊಂಡ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟರು. ಹಗ್ಗಕ್ಕೆ ಶನಿವಾರ ಮೈದಾನ ಸಿಕ್ಕಿದೆ.