ಪಿ53 ಕೊಟ್ಟರೆ ಪ್ಯೂಮಾ ಝಗಮಗ, ಪಿ21 ಮಂಕು. ಯಾರಾದರೂ ದಾರಿ ತೋರಿಸಿ

ಕೋಟೆಕಲ್ಲು (ಬಳ್ಳಾರಿ):
ತಲೆ ಕೆಟ್ಟುಹೋಗಿದೆ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನ್ ಯಾವ ಜೀನನ್ನು ಎಷ್ಟು ಎಬ್ಬಿಸುತ್ತದೆ ಎಂದು, ಆ ಜೀನಿನ ಪ್ರಮೋಟರ್‌ಗೆ (ಜೀನನ್ನು ಎಬ್ಬಿಸುವ ಡಿಎನ್‌ಎ ಭಾಗ) ಬೆಳಕು ಕೊಡುವ ಲೂಸಿಫರೇಸ್ ಜೋಡಿಸಿ ನೋಡುತ್ತಿದ್ದೇನೆ. ಕೋಶವನ್ನು ಕೊಲ್ಲುವ ಪ್ಯೂಮಾ ಜೀನಿನ ಪ್ಲಾಸ್ಮಿಡ್ (ಕೋಶಕ್ಕೆ ಹಾಕುವ ಡಿಎನ್‌ಎ ಉಂಗುರ) ಚೆನ್ನಾಗಿ ಬೆಳಗುತ್ತದೆ. ಕೋಶದ ವಿಭಜನೆ ನಿಲ್ಲಿಸುವ ಪಿ21ರ ಪ್ಲಾಸ್ಮಿಡ್ ಮಾತ್ರ ಖಾಲಿ ವೆಕ್ಟರ್‌ಗಿಂತ (ಪ್ರಮೋಟರ್ ಇಲ್ಲದ ಪ್ಲಾಸ್ಮಿಡ್) ತುಸು ಮೇಲೆ, ಅಷ್ಟೇ. ಪಿ53 ಮೊದಲು ಎಬ್ಬಿಸುವುದೇ ಪಿ21 ಅಲ್ಲವೇ? ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ. ಸೋಮವಾರ ಗೈಡ್ ಮುಂದೆ ಗ್ರಾಫ್ ಇಡಬೇಕು.

ಸೀರಿನ್ಪ್ರಿಯ (ರಾಯಚೂರು):
ಇದು ಸೀರಿನ್ 46ರ (ಪಿ53ಯ 46ನೇ ಅಮೈನೋ ಆಮ್ಲ) ಕೆಲಸ, ಅನುಮಾನವೇ ಬೇಡ. ಎಚ್‌ಐಪಿಕೆ2 ಕಿಣ್ವ ಆ ಜಾಗಕ್ಕೆ ಫಾಸ್ಫೇಟ್ ಅಂಟಿಸಿದರೆ ಪಿ53 ವಿಭಜನೆ ನಿಲ್ಲಿಸುವ ಜೀನ್‌ಗಳನ್ನು ಬಿಟ್ಟು, ಕೋಶವನ್ನು ಕೊಲ್ಲುವ ಜೀನ್‌ಗಳತ್ತ ವಾಲುತ್ತದೆ. ಸೀರಿನ್ ತೆಗೆದು ಫಾಸ್ಫೇಟ್ ಅಂಟದ ಅಲನೈನ್ ಇಟ್ಟು ನೋಡಿ ಸರ್.

ಕಿನ್ನಾಳಗೊಂಬೆ (ಕೊಪ್ಪಳ):
ಕೋಶ ಯಾವುದು? ಹೀಲಾ ಆದರೆ ವೈರಸ್ಸಿನ ಇ6 ಪ್ರೋಟೀನ್ ಪಿ53 ಅನ್ನು ಉಳಿಯಗೊಡುವುದಿಲ್ಲ. 293ಟಿ ಆದರೆ ಟಿ ಆಂಟಿಜೆನ್ ಎಂಬ ವೈರಸ್ ಪ್ರೋಟೀನ್ ಅದನ್ನು ಹಿಡಿದು ಕೂತಿರುತ್ತದೆ; ಬ್ಲಾಟ್‌ನಲ್ಲಿ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ರಾಶಿ ರಾಶಿ ಕಾಣುತ್ತದೆ, ಕೆಲಸ ಮಾತ್ರ ಶೂನ್ಯ.

ಕೋಟೆಕಲ್ಲು:
ಎಚ್1299. ಅದನ್ನೂ ಬಿಡಿಸಿ ಹೇಳಬೇಕೇ? ಸ್ವಂತ ಪಿ53 ಇಲ್ಲದ ಕೋಶವನ್ನೇ ಅಲ್ಲವೇ ಎಲ್ಲರೂ ಬಳಸುವುದು.

ಸೀರಿನ್ಪ್ರಿಯ:
ಸೀರಿನ್ ಬೇಡವೆಂದರೆ ಲೈಸಿನ್ 120 ನೋಡಿ. ಟಿಪ್60 ಕಿಣ್ವ ಅಲ್ಲಿ ಅಸಿಟೈಲ್ ಕೂಡಿಸಿದರೂ ಪ್ಯೂಮಾ ಕಡೆಗೇ ಒಲವು. ಪಿ53ಗೆ ಅಂಟಿಕೊಳ್ಳುವ ಎಎಸ್‌ಪಿಪಿ ಪ್ರೋಟೀನ್‌ಗಳನ್ನೂ ಮರೆಯಬೇಡಿ.

ಬಿಸಿಲುನಾಡು (ಬಳ್ಳಾರಿ):
ರೆನಿಲ್ಲಾಗೆ (ಹೋಲಿಕೆಗೆ ಇಡುವ ಎರಡನೇ ಲೂಸಿಫರೇಸ್) ಯಾವ ಪ್ರಮೋಟರ್ ಇದೆ? ಪಿ53 ಹೆಚ್ಚಾದರೆ ವೈರಸ್ ಪ್ರಮೋಟರ್‌ಗಳೂ ಕುಗ್ಗುತ್ತವೆ, ಆಗ ಲೆಕ್ಕವೆಲ್ಲ ಏರುಪೇರು. ಅದಿರಲಿ, ಏಸಿ ಇಲ್ಲದ ಕೋಣೆಯಲ್ಲಿ ಓದುತ್ತಿದ್ದೀರಾ? ಮೇ ತಿಂಗಳ ನಮ್ಮೂರ ಸೆಕೆಗೆ ಮಿಂಚುಹುಳದ ಲೂಸಿಫರೇಸ್ ಬೇಗ ಸೋಲುತ್ತದೆ. ನಾವು ಬೆಳಕು ಅಳೆಯುವ ಲೂಮಿನೋಮೀಟರ್‌ಗೇ ಪ್ರತ್ಯೇಕ ಕೋಣೆ ಮಾಡಿಕೊಂಡಿದ್ದೇವೆ. ಮೈನಸ್ 80 ಫ್ರೀಜರ್‌ಗೆ ಬೇರೆಯದೇ ಸ್ಟೆಬಿಲೈಸರ್, ಅದರ ಬೆನ್ನಿಗೆ ಜನರೇಟರ್.

ಸೀರಿನ್ಪ್ರಿಯ:
ಸೆಕೆ ಪ್ಯೂಮಾವನ್ನು ಬಿಟ್ಟು ಪಿ21 ಅನ್ನು ಮಾತ್ರ ಹುಡುಕಿಕೊಂಡು ಬರುತ್ತದೆಯೇ? ರೆನಿಲ್ಲಾ ಮಾತೂ ಅಷ್ಟೇ, ಕುಗ್ಗಿದರೆ ಎರಡೂ ತಟ್ಟೆಗಳಲ್ಲಿ ಕುಗ್ಗಬೇಕು.

ಬಿಸಿಲುನಾಡು:
ನಿಮ್ಮ ಸೀರಿನ್‌ಗಿಂತ ನಮ್ಮ ಸೆಕೆಯೇ ವಾಸಿ, ಅಳೆಯಲಾದರೂ ಬರುತ್ತದೆ.

ಕಿನ್ನಾಳಗೊಂಬೆ:
ಜಗಳ ಆಮೇಲೆ ಮಾಡಿ. ಕೋಟೆಕಲ್ಲು, ಅದೇ ಕೋಶಗಳನ್ನು ಬ್ಲಾಟ್ ಮಾಡಿದಾಗ ಕೋಶದ ಸ್ವಂತ ಪಿ21 ಏರುತ್ತದೆಯೇ?

ಕೋಟೆಕಲ್ಲು:
ಏರುತ್ತದೆ ಅಕ್ಕ, ಕಪ್ಪಗೆ ದಪ್ಪ ಪಟ್ಟಿ. ಸಿಟ್ಟು ಬರುವುದೇ ಅದಕ್ಕೆ.

ಕಿನ್ನಾಳಗೊಂಬೆ:
ಇದನ್ನು ಮೊದಲೇ ಹೇಳಬಾರದೇ! ಸ್ವಂತ ಜೀನ್ ಎದ್ದಿದೆ ಎಂದರೆ ಪಿ53 ಸರಿಯಾಗಿದೆ, ಫಾಸ್ಫೇಟ್ ಎಲ್ಲಿದ್ದರೂ ಪಿ21 ಅದಕ್ಕೆ ಬೇಡವಾಗಿಲ್ಲ. ದೋಷ ಪ್ಲಾಸ್ಮಿಡ್‌ನಲ್ಲಿದೆ. ಪ್ರಮೋಟರ್ ತುಂಡು ಎಷ್ಟು ಉದ್ದ?

ಕೋಟೆಕಲ್ಲು:
ಪೂರ್ತಿ ಪ್ರಮೋಟರ್. 2 ಕಿಲೋಬೇಸ್ (ಎರಡು ಸಾವಿರ ಡಿಎನ್‌ಎ ಅಕ್ಷರ).

ಕಿನ್ನಾಳಗೊಂಬೆ:
ಅಲ್ಲೇ ಇದೆ ನೋಡಿ. ಪಿ53ಯ ನಾಲ್ಕು ಅಣುಗಳು ಒಂದುಗೂಡಿ ಡಿಎನ್‌ಎ ಹಿಡಿಯುತ್ತವೆ. ಹಿಡಿಯುವ ಜಾಗವೆಂದರೆ ಹತ್ತು ಹತ್ತು ಅಕ್ಷರಗಳ ಎರಡು ತುಂಡು, ನಡುವೆ 0ರಿಂದ 13 ಅಕ್ಷರಗಳ ಅಂತರ. ಪ್ರತಿ ತುಂಡಿನ ನಾಲ್ಕನೆಯದು ಸಿ, ಏಳನೆಯದು ಜಿ. ಉಳಿದವು ಒಂದಿಷ್ಟು ಅತ್ತಿತ್ತ ಆಗುತ್ತವೆ, ಅತ್ತಿತ್ತ ಆದಷ್ಟೂ ಹಿಡಿತ ಸಡಿಲ. ಯಾವ ಜೀನ್ ಸ್ವಲ್ಪ ಪಿ53ಗೇ ಏಳುತ್ತದೆ, ಯಾವುದಕ್ಕೆ ಹೆಚ್ಚು ಬೇಕು ಎನ್ನುವುದು ಬಹುಮಟ್ಟಿಗೆ ಈ ಹಿಡಿತದ ಮೇಲಿದೆ. ಪ್ಯೂಮಾದ ಜಾಗ ಜೀನಿನ ಆರಂಭದಿಂದ 250 ಅಕ್ಷರಗಳ ಒಳಗೇ ಇದೆ, ಹೇಗೆ ಕತ್ತರಿಸಿದರೂ ಉಳಿಯುತ್ತದೆ. ಪಿ21ರ ಬಿಗಿಯಾದ ಜಾಗ ಇರುವುದು ಸುಮಾರು 2.3 ಕಿಲೋಬೇಸ್ ಮೇಲೆ. ನಿಮ್ಮ ತುಂಡಿನಲ್ಲಿ ಉಳಿದಿರುವುದು 1.4ರ ಸುಮಾರಿನ ಸಡಿಲ ಜಾಗ ಮಾತ್ರ. ಆ ಮಂಕು ಬೆಳಕು ಅದರದೇ. 2.4 ಕಿಲೋಬೇಸ್ ತುಂಡು ಮಾಡಿ, ಜೊತೆಗೆ ಪಿ53 ಜಾಗದ 13 ಪ್ರತಿಗಳಿರುವ ಪ್ಲಾಸ್ಮಿಡ್ ಒಂದನ್ನು ಹೋಲಿಕೆಗೆ ಇಡಿ.

ಸೀರಿನ್ಪ್ರಿಯ:
ಆದರೂ ಅಲನೈನ್ ಒಂದು ಸಲ ಮಾಡಿ ನೋಡುವುದರಲ್ಲಿ ತಪ್ಪಿಲ್ಲ.

ಕೋಟೆಕಲ್ಲು:
2 ಕಿಲೋಬೇಸ್ ಸಾಕೆಂದು ಪ್ರೈಮರ್ (ತುಂಡಿನ ತುದಿ ನಿರ್ಧರಿಸುವ ಚಿಕ್ಕ ಡಿಎನ್‌ಎ) ಗೊತ್ತುಮಾಡಿದ್ದು ನಮ್ಮ ಗೈಡ್. ಸೋಮವಾರ ಅವರೆದುರು ಇದನ್ನು ಹೇಳುವುದು ಹೇಗೆ, ಅದನ್ನೂ ತಿಳಿಸಿ ಅಕ್ಕ.

ಬಿಸಿಲುನಾಡು:
ಸ್ಟೆಬಿಲೈಸರ್ ಎಷ್ಟು ಕೆವಿಎ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಫೋಟೋ ಹಾಕುತ್ತೇನೆ, ತಾಳಿ.